ಕೆಳಗಿನ ಸಣ್ಣ ಸಾಲು

ಮೂವತ್ತೊಂದು ವರ್ಷ ಗದಗಿನ ಪ್ರೆಸ್ಸಿನಾಗ
ಮೊಳಿ ಜೋಡಿಸಿದವ ನಾನು.
ಸೀಸದ ಅಕ್ಷರ; ಒಂದೊಂದಕ್ಕೂ ತೂಕ ಇತ್ತು.
ಸುಳ್ಳು ಹೇಳಬೇಕಂದ್ರೂ
ಒಂದೊಂದನ್ನ ಹೆಕ್ಕಿ, ತಿರುವಿ ಹಿಡಿದು
ಸಾಲಿಗಿ ಹಚ್ಚಬೇಕಿತ್ತು.
ಅಷ್ಟರಾಗ ಬೆರಳಿಗಿ ನಾಚಿಕಿ ಬರತಿತ್ತು.
ಕೆಲವರಿಗೆ ಬರತಿರಲಿಲ್ಲ, ಅದೂ ಖರೆ.

ಈಗ ಬೆಟಗೇರಿಯ ನಮ್ಮ ಓಣಿಯ
'ನಳಾ ಬಂತು' ಗುಂಪಿನಾಗ ನಾನೂ ಒಬ್ಬ.
ನೂರಾ ಹನ್ನೆರಡು ಮಂದಿ, ಕೆಲಸ ಒಂದ:
ಹನ್ನೊಂದು ದಿನಕ್ಕೊಮ್ಮೆ
ವಾಲ್ವ್‌ಮನ್ ದಾವಲಸಾಬ ಬರೀತಾನ,
'ನೀರು ಬಿಟ್ಟೀನಿ.'
ಬರೇ ಎರಡು ಶಬ್ದ. ಅವನ ಸಾಹಿತ್ಯ ಅಷ್ಟ.
ಅದನ್ನೋದಿ ಓಣಿಗೆ ಓಣೀನ ಎದ್ದು
ಕೊಡಪಾನ ಬಡಿದಾಡತೈತಿ.

ಶ್ರಾವಣದ ಎರಡನೇ ಸೋಮವಾರ
ಆ ಎರಡು ಶಬ್ದದ ಬೆನ್ನಿಗೇ ಒಂದು ವಿಡಿಯೋ.
ಟೊಪ್ಪಿಗಿ ಹಾಕಿದ ಒಬ್ಬಾವ, ಟಾಕಿ ಮ್ಯಾಲ, ಕೈಯಾಗ ಬಾಟ್ಲಿ.
ಕೆಳಗ: 'ಎಚ್ಚರ ಹಿಂದೂಗಳೇ, ನಿಮ್ಮ ಮಕ್ಕಳು ಕುಡಿಯುವ ನೀರು.'
ಮುಂದ ಏಳು ಆಶ್ಚರ್ಯ ಚಿಹ್ನೆ.
ನಮ್ಮ ಕೇಸಿನಾಗ ಒಟ್ಟು ಅಷ್ಟು ಇರಲೇ ಇಲ್ಲ.

ಹನ್ನೊಂದು ದಿನ ಕಾದ ನೀರನ್ನ
ಅನ್ನಪೂರ್ಣಕ್ಕ ಗಟಾರಕ್ಕ ಸುರುವಿದಳು.
ಆಕಿನ್ನ ನೋಡಿ ಬಾಜೂದಾಕಿ. ಆಕಿನ್ನ ನೋಡಿ ಮತ್ತೊಬ್ಬಾಕಿ.
ಹಂಡೆ ಬಗ್ಗಿಸಿದ ಸಪ್ಪಳ ಇನ್ನೂ ಕಿವಿಯಾಗೈತಿ.
ನಾನು?
ರೂಢಿಯಂಗ, ಎರಡು ಕೈ ಮುಗಿದ ಚಿತ್ರ ಒತ್ತಿ
ಕನ್ನಡಕ ತೆಗೆದಿಟ್ಟೆ.
ಪ್ರೂಫ್ ನೋಡದ ಪಾಸು ಮಾಡಿದ್ದು
ಜೀವನದಾಗ ಅದ ಮೊದಲು.

ಎದುರುಮನಿ ಸುಧಾರಾಣಿ, ಪಿಯುಸಿ ಹುಡುಗಿ,
ಮೂಗಿನ ಮುಂದ ಫೋನ್ ಹಿಡಿದಳು:
'ಅಜ್ಜಾ, ಇಲ್ಲಿ ಟಾಕಿ ಹಿಂದ ತೆಂಗಿನ ತೋಟ.
ನಮ್ಮ ಟಾಕಿ ಹಿಂದ ಏನೈತಿ?'
ಗಾಳಿ ಫ್ಯಾನು. ಗುಡ್ಡದ ಉದ್ದಕ್ಕೂ ಗಾಳಿ ಫ್ಯಾನು.
ಸೈಕಲ್ ಹತ್ತಿ ಹೋಗಿ ಆಕಿನ ಫೋಟೋ ತಗದು ಹಾಕಿದಳು:
ಏಣಿ ಬಾಗಿಲಿಗಿ ಕೀಲಿ, ಕೀಲಿಗಿ ತುಕ್ಕು,
ತುದಿಯಾಗ ಪಾರಿವಾಳ.
ನಾಕು ಮಂದಿ ಹೆಬ್ಬಟ್ಟು ಒತ್ತಿದರು.
ಮೂರು ಮಂದಿ ಗುಂಪು ಬಿಟ್ಟರು.
ದಾವಲಸಾಬ ಅವರಿಗಿಂತ ಮೊದಲ ಬಿಟ್ಟಿದ್ದ.

ವಿಡಿಯೋ ಹಾಕಿದವ ಗಿರಣಿ ಫಕೀರಪ್ಪ.
ಅವನ ಮದುವಿ ಕಾರ್ಡು ನಾನ ಜೋಡಿಸಿದ್ದು.
ಅವನ ಹೆಸರಿನ 'ಫ' ಮೊಳಿ, ಅಪರೂಪಕ್ಕ ಬೇಕಾಗೂದು,
ಅಂಚು ಸವೆದಿರಲಿಲ್ಲ.
ಅವ್ವ ಹರಕಿ ಹೊತ್ತು ಇಟ್ಟ ಫಕೀರನ ಹೆಸರು;
ಅದನ್ನ ಎತ್ತಿ ಚುಚ್ಚಬಹುದಿತ್ತು. ಚುಚ್ಚಲಿಲ್ಲ.
ಹಳೇ ಕಾರ್ಡು ಒಯ್ದು
ಕೆಳಗಿನ ಸಣ್ಣ ಸಾಲು ತೋರಿಸಿದೆ:
ಮುದ್ರಕರು, ಪ್ರೆಸ್ಸಿನ ಹೆಸರು, ಓಣಿ, ಊರು.
'ಮುಹೂರ್ತ ತಪ್ಪಿ ಅಚ್ಚಾಗಿದ್ದರ
ಬಂದು ಬಯ್ಯಾಕ ಒಂದು ಬಾಗಿಲಿತ್ತಲ್ಲೋ.
ಇದಕ್ಕೆಲ್ಲೈತಿ?'

ಹಿಟ್ಟಿನ ಕೈಲೆ ಫೋನ್ ತಿಕ್ಕಿದ, ಹಿಂದಕ್ಕ, ಇನ್ನೂ ಹಿಂದಕ್ಕ.
ಹುಬ್ಬಳ್ಳಿ ಷಡ್ಡಕ. ಷಡ್ಡಕಗ ಜಿಮ್ಮಿನ ಗೆಳೆಯ.
ಗೆಳೆಯಗ ಹೆಸರಿಲ್ಲದ ಒಂದು ನಂಬರು,
ಮಾರಿ ಇರಬೇಕಾದಲ್ಲಿ ಹುಲಿ.
ಹುಲಿ ಫೋನ್ ಎತ್ತಲಿಲ್ಲ.

ಗೆದ್ದೆ ಅಂತ ಹೇಳಾಕ ಏನೂ ಇಲ್ಲ.
ಯಾರು ಏನ ಹಾಕಲಿ, ಕೆಳಗ ಬರೀತೀನಿ:
'ಮುದ್ರಕರು ಯಾರು?'
ಹುಡುಗರು ನಗತಾರ, ನನಗ ಮುದ್ರಕಜ್ಜ ಅಂತಾರ.
ನಗಕೋತನ ಮೊನ್ನೆ ಒಬ್ಬ ಇನ್ನೊಬ್ಬಗ ಅದನ್ನ ಕೇಳಿದ.
ದಾವಲಸಾಬನ ಅಳಿಯನ ಫೋನಿನಾಗೂ
ಇಂಥಾದ್ದ ಒಂದು ಬಂದಿತ್ತಂತ,
ಟೊಪ್ಪಿಗಿ ಬದಲು ಹಣಿಮ್ಯಾಲ ಕುಂಕುಮ.
ಅಲ್ಲೂ ತೆಂಗಿನ ತೋಟ ಇತ್ತೇನು, ಕೇಳಬೇಕು.

ಗುಂಪಿನಾಗ ಈಗ ಬರೇ ಗುಲಾಬಿ, ಶುಭೋದಯ.
ನೀರಿನ ಸುದ್ದಿ ಬರೂದಿಲ್ಲ.
ನಿನ್ನೆ ರಾತ್ರಿ ಮೂರಕ್ಕ
ಲೈಟಿನ ಕಂಬಕ್ಕ ಯಾರೋ ಪಾನಾ ಬಡಿದರು.
ಎರಡು ಏಟು. ಬರೇ ಎರಡು.
ಓಣಿ ಎದ್ದಿತು.
ನಳದಾಗ ಮೊದಲು ಗಾಳಿ, ಆಮ್ಯಾಲ ರಾಡಿ,
ಆಮ್ಯಾಲ ನೀರು.
ಗಿರಣಿ ಕಟ್ಟಿಮ್ಯಾಲ ಫಕೀರಪ್ಪ
ಎರಡು ಕಪ್ಪು ಚಹಾ ಹಿಡಕೊಂಡು ನಿಂತಿದ್ದ.
ಒಂದು ಖಾಲಿಯಾಗಿತ್ತು.
ಇನ್ನೊಂದಕ್ಕ ಕೆನಿ ಕಟ್ಟಿತ್ತು.